ಕೊಡಲ್ಲ ಅಂದವಳು

ಅವಳು ಕೆಲಸ ಬಿಟ್ಟ ದಿನ ಫ್ಯಾಕ್ಟರಿಯವರು ಅವಳಿಗೆ ಏನು ಕೊಟ್ಟರು ಗೊತ್ತೆ? ನೀರಿನ ಬಾಟಲಿ. ಸ್ಟೀಲಿನದು, ಮೇಲೆ ಕಂಪನಿಯ ಹೆಸರು ಕೆತ್ತಿಸಿದ್ದು. ಪ್ರೊಡಕ್ಷನ್ ಮ್ಯಾನೇಜರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, ಫೋಟೋ ತೆಗೆಯುವವನ ಕಡೆ ತಿರುಗಿ ಹಲ್ಲು ಬಿಟ್ಟರು. "ಚೆನ್ನಾಗಿ ನೀರು ಕುಡೀರಿ ಅಮ್ಮ, ಆರೋಗ್ಯ ನೋಡ್ಕೊಳ್ಳಿ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆಯುಷ್ಯದ ಅರ್ಧ ಭಾಗ ನೀರು ಕುಡಿಯಲು ಬಿಡದೆ ದುಡಿಸಿಕೊಂಡು ಕೊನೆಯ ದಿನ ಬಾಟಲಿ ಕೊಡುವ ಜನಕ್ಕೆ ಏನನ್ನಬೇಕು ಹೇಳಿ. ಅವಳು ಮಾತ್ರ ಮುಚ್ಚಳ ತಿರುಗಿಸಿ, ಒಳಗೆ ಇಣುಕಿ, "ಖಾಲಿ ಐತೆ ಸಾರ್" ಅಂದಳು. ಎಲ್ಲರೂ ನಕ್ಕರು. ಮ್ಯಾನೇಜರೂ ನಕ್ಕರು.

ಅವಳ ಹೆಸರು ಬರೆಯುವುದಿಲ್ಲ. ಬರೆದರೆ ಅವಳ ಗಂಡ ನನ್ನ ಮನೆ ಬಾಗಿಲಿಗೆ ಬಂದು ಕೂಗಾಡುತ್ತಾನೆ. ಅವನ ಕೂಗಾಟಕ್ಕೆ ಹೆದರುವ ಪೈಕಿ ನಾನಲ್ಲ, ಆದರೆ ಅವಳಿಗೆ ಮುಜುಗರವಾಗುತ್ತದೆ. ಪೀಣ್ಯದ ಆ ಗಾರ್ಮೆಂಟ್ಸಿನಲ್ಲಿ ಅವಳು ಲೈನ್ ಸೂಪರ್‌ವೈಸರ್, ನಾನು ಚೆಕಿಂಗ್ ಟೇಬಲ್ಲಿನವಳು. ಅವಳ ಲೈನಿನಿಂದ ಬಂದ ಶರ್ಟುಗಳನ್ನು ತಿರುವಿ ನೋಡಿ, ಹೊಲಿಗೆ ತಪ್ಪಿದ್ದನ್ನು ವಾಪಸ್ ಎಸೆಯುವುದು ನನ್ನ ಕೆಲಸ. ಹಾಗಾಗಿ ನಮ್ಮ ಸ್ನೇಹ ಶುರುವಾದದ್ದೇ ಜಗಳದಿಂದ. "ಕಣ್ಣಿಗೇನ್ ಸುಣ್ಣ ಬಳ್ಕೊಂಡಿದೀಯೇನೇ? ಇದ್ರಲ್ಲಿ ಏನ್ ತಪ್ಪೈತೆ?" ಎಂದು ಅವಳು ಕಿರುಚಿದರೆ ನಾಲ್ಕು ಲೈನಿನ ಆಚೆ ಕೂತವರ ಕೈ ನಿಲ್ಲುತ್ತಿತ್ತು. ಬೆನ್ನ ಹಿಂದೆ ಎಲ್ಲರೂ ಅವಳನ್ನು ಸೈರನ್ ಎನ್ನುತ್ತಿದ್ದರು. ಅವಳು ತುಮಕೂರು ಕಡೆಯವಳು. ಮದುವೆಯಾಗಿ ಚೊಕ್ಕಸಂದ್ರಕ್ಕೆ ಬಂದವಳು ಅಲ್ಲೇ ಬೇರು ಬಿಟ್ಟಳು. ನನ್ನ ಮನೆಯೂ ಅದೇ ಬೀದಿ.

ಗಾರ್ಮೆಂಟ್ಸ್ ಎಂದರೆ ಏನೆಂದು ಹೊರಗಿನವರಿಗೆ ಗೊತ್ತಿಲ್ಲ. ಒಂದು ಲೈನಿಗೆ, ಅಂದರೆ ಹೊಲಿಗೆ ಮಿಷನ್ನುಗಳ ಒಂದು ಸಾಲಿಗೆ, ಒಂದು ಟೋಕನ್. ಸೂಪರ್‌ವೈಸರ್ ಮೇಜಿನ ಪಕ್ಕ ಮೊಳೆಗೆ ನೇತುಹಾಕಿರುವ ಪ್ಲಾಸ್ಟಿಕ್ ಬಿಲ್ಲೆ. ಅದನ್ನು ಕೊರಳಿಗೆ ಹಾಕಿಕೊಂಡು ಹೋದವಳು ವಾಪಸ್ ಬರುವ ತನಕ ಆ ಲೈನಿನ ಇನ್ನೊಬ್ಬಳು ಪಾಯಿಖಾನೆಯ ಕಡೆ ತಲೆ ಹಾಕುವ ಹಾಗಿಲ್ಲ. ಮದುವೆಯಾದವರು, ಬಸುರಿಯರು, ತಿಂಗಳ ದಿನದವರು, ಎಲ್ಲರಿಗೂ ಅದೊಂದೇ ಬಿಲ್ಲೆ. ಇದಕ್ಕೆ ನಾವು ಕಂಡುಕೊಂಡ ಉಪಾಯ ನೀರನ್ನೇ ಕುಡಿಯದಿರುವುದು. ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದರೆ ಮುಗಿಯಿತು, ಸಂಜೆ ಶಿಫ್ಟ್ ಬಿಟ್ಟಮೇಲೆಯೇ ನೀರು. ಇದು ನಮ್ಮಲ್ಲಿ ಪದ್ಧತಿಯೇ ಆಗಿಹೋಗಿತ್ತು. ಹೊಸದಾಗಿ ಸೇರಿದ ಹುಡುಗಿಯರಿಗೆ ದಾರ ಪೋಣಿಸುವುದಕ್ಕೂ ಮೊದಲು ಇದನ್ನೇ ಹೇಳಿಕೊಡುತ್ತಿದ್ದೆವು.

ಅವಳು ಸೂಪರ್‌ವೈಸರ್ ಆದ ಮೇಲೆ ಒಂದು ಕೆಲಸ ಮಾಡಿದಳು. ಶರ್ಟಿನ ಡಬ್ಬದ ರಟ್ಟು ಕತ್ತರಿಸಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ಇನ್ನೊಂದು ಬಿಲ್ಲೆ ಮಾಡಿ ಡ್ರಾಯರಿನಲ್ಲಿ ಇಟ್ಟುಕೊಂಡಳು. ತೀರಾ ಆಗದವಳಿಗೆ ಅದನ್ನು ಕೊಟ್ಟು ಕಳಿಸುವಳು. ಒಂದು ದಿನ ಇಬ್ಬರು ಒಟ್ಟಿಗೆ ಹೋದದ್ದನ್ನು ಮ್ಯಾನೇಜರು ನೋಡಿ ಬಂದು ಹಾರಾಡಿದರು. ಅವಳು ಅಷ್ಟೇ ಜೋರಾಗಿ, "ಮಿಷನ್ನಿಗೆ ಎಣ್ಣೆ ಬಿಡಕ್ಕೆ ಟೈಮ್ ಕೊಡ್ತೀರಿ, ಎಣ್ಮಕ್ಳು ಮೂತ್ರ ಮಾಡಕ್ಕೆ ಕೊಡಕಾಗಲ್ವಾ ಸಾರ್?" ಅಂದಳು. ಆ ಮಾತು ಇಡೀ ಫ್ಲೋರಿಗೆ ಕೇಳಿಸಿತು. ರಟ್ಟಿನ ಬಿಲ್ಲೆ ಕಸದ ಬುಟ್ಟಿಗೆ ಹೋಯಿತು, ಮರುವಾರ ಅವಳು ಇನ್ನೊಂದು ಮಾಡಿದಳು. ಆದರೆ ತಾನು ಮಾತ್ರ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಲೈನು ಬಿಟ್ಟು ಸೂಪರ್‌ವೈಸರ್ ಎದ್ದರೆ ಬೈಗುಳ ಲೈನಿನವರ ತಲೆಗೆ ಬರುತ್ತದೆ ಎಂಬ ಲೆಕ್ಕ ಅವಳದು.

ಅವಳದೊಂದು ಮಾತಿತ್ತು: "ಮುಖ ತೋರ್ಸಿ ಮಾತಾಡು." ಯಾರಾದರೂ ಹಿಂದಿನಿಂದ ಕರೆದರೆ, ತಲೆ ತಗ್ಗಿಸಿಕೊಂಡು ಉತ್ತರ ಕೊಟ್ಟರೆ, ಗಲ್ಲ ಹಿಡಿದು ಎತ್ತಿ ಹಾಗೆನ್ನುವಳು. ಅದನ್ನು ಧಿಮಾಕು ಅಂದುಕೊಂಡವರು ಬೇಕಾದಷ್ಟು ಜನ. ಕೊರೊನಾ ಬಂತು ನೋಡಿ, ಫ್ಯಾಕ್ಟರಿ ಮತ್ತೆ ತೆರೆದಾಗ ಎಲ್ಲರ ಬಾಯಿಗೂ ಮಾಸ್ಕು. ಅವತ್ತಿನಿಂದ ಅವಳ ಕೆಲಸವೆಲ್ಲ ಎಡವಟ್ಟಾಗತೊಡಗಿತು. ಕೇಳಿದ್ದೊಂದು, ಅವಳು ಕೊಟ್ಟದ್ದೊಂದು. ಮ್ಯಾನೇಜರು ಮಾತಾಡಿಸಿದರೆ ಸುಮ್ಮನೆ ನಿಲ್ಲುವಳು. ಒಂದು ಮಧ್ಯಾಹ್ನ ನನ್ನ ಟೇಬಲ್ಲಿನ ಹತ್ತಿರ ಬಂದು, ಆ ಕಡೆ ಈ ಕಡೆ ನೋಡಿ, ನನ್ನ ಮಾಸ್ಕನ್ನು ಗಲ್ಲದ ಕೆಳಕ್ಕೆ ಎಳೆದು, "ಈಗ ಏಳು, ಏನಂದೆ?" ಅಂದಳು. ಆಗ ಗೊತ್ತಾಯಿತು ನನಗೆ. ಅವಳಿಗೆ ಕಿವಿ ಹೋಗಿ ಎಷ್ಟೋ ವರ್ಷವಾಗಿತ್ತು. ನಮ್ಮೆಲ್ಲರ ತುಟಿ ನೋಡಿಕೊಂಡೇ ಅಷ್ಟು ದೊಡ್ಡ ಲೈನು ನಡೆಸುತ್ತಿದ್ದಳು.

"ಡಾಕ್ಟರಿಗೆ ತೋರ್ಸಿದ್ಯೇನೇ?" ಅಂದೆ. "ತೋರ್ಸೋದೇನೈತೆ, ಮಿಷನ್ ಸದ್ದು. ನಿಂಗೇನ್ ಸರಿ ಕೇಳ್ತದಾ?" ಅಂದಳು. ಅದೂ ನಿಜವೇ. ಗಾರ್ಮೆಂಟ್ಸಿನವರ ಮನೆಯ ಟಿವಿ ಬೀದಿಗೆಲ್ಲ ಕೇಳಿಸುತ್ತದೆ. ನಮ್ಮಲ್ಲಿ ಕಿವಿ ಮಂದವಾದರೆ ಅದು ಮಿಷನ್ನಿಂದಲೇ, ಬೇರೆ ಕಾರಣ ಹುಡುಕುವ ಅಭ್ಯಾಸವೇ ಇಲ್ಲ.

ಮೂತ್ರದ ಕಥೆಯೂ ಅದೇ. ಅವಳಿಗೆ ಆಗಾಗ ಕೆಂಪಗೆ ಹೋಗುತ್ತಿತ್ತು. ನಮ್ಮ ಫ್ಯಾಕ್ಟರಿಯ ಕ್ಲಿನಿಕ್ಕಿನಲ್ಲಿ ದಿನಕ್ಕೆ ಇಂಥವರು ಎಷ್ಟು ಜನ! ನೀರು ಕುಡಿಯುವುದಿಲ್ಲ, ಕಟ್ಟಿಕೊಂಡು ಕೂರುತ್ತೇವೆ, ಉರಿ ಬರುತ್ತದೆ, ನಂಜಾಗುತ್ತದೆ. ಸಿಸ್ಟರು ತಲೆ ಎತ್ತದೆ ಮಾತ್ರೆ ಚೀಟಿ ಕೊಡುವಳು, "ನೀರ್ ಜಾಸ್ತಿ ಕುಡೀರಿ" ಅನ್ನುವಳು. ಕುಡಿದರೆ ಹೋಗಲು ಟೋಕನ್ ಎಲ್ಲಿ ಎಂದು ಕೇಳುವ ಹಾಗಿಲ್ಲ. ಒಂದು ಸಲ ನಾನೂ ಅವಳ ಜೊತೆ ಹೋಗಿದ್ದೆ. "ಉರಿ ಇಲ್ಲ ಸಿಸ್ಟರ್, ನೋವಿಲ್ಲ. ಬಣ್ಣ ಅಷ್ಟೇಯ" ಎಂದು ಅವಳು ಬಾಯಿ ಬಿಟ್ಟು ಹೇಳಿದಳು. ಅದೇ ಚೀಟಿ, ಅದೇ ಮಾತ್ರೆ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಹೇಳಿದಳಲ್ಲ, ಉರಿ ಇಲ್ಲ ಅಂತ! ಒಬ್ಬರಾದರೂ ಯಾಕೆಂದು ಕೇಳಬಾರದಿತ್ತೆ?

ಅವಳಿಗೆ ಒಬ್ಬನೇ ಮಗ. ಜಾಲಹಳ್ಳಿ ಕಡೆಯ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದ. ಅವನೂ ಕರೆದರೆ ತಿರುಗುತ್ತಿರಲಿಲ್ಲ. "ಮೂರೊತ್ತೂ ಕಿವಿಗೆ ಆ ದರಿದ್ರ ವೈರು ಸಿಗಿಸ್ಕೊಂಡ್ರೆ ಇನ್ನೇನಾಗ್ತದೆ" ಎಂದು ಅಪ್ಪ ಬೈಯುವನು. ನೆಗಡಿ ಜ್ವರ ಬಂದರೆ ಅವನಿಗೆ ಮೂತ್ರ ಕೋಲಾ ಬಣ್ಣದಲ್ಲಿ ಹೋಗುತ್ತಿತ್ತು. ಅದಕ್ಕೆ ಮನೆಯಲ್ಲಿಟ್ಟ ಹೆಸರು ಉಷ್ಣ. ಬಾರ್ಲಿ ನೀರು, ಎಳನೀರು, ನೆನೆಸಿದ ಮೆಂತ್ಯ. ಬೆಳಗಾಗೆದ್ದರೆ ಮುಖ ಊದಿರುತ್ತಿತ್ತು; ಅದು ನಿದ್ದೆ ಜಾಸ್ತಿಯಾಗಿದ್ದಕ್ಕಂತೆ. ತಾಯಿಗೆ ಮಿಷನ್ನು, ಮಗನಿಗೆ ಇಯರ್‌ಫೋನು. ತಾಯಿಗೆ ಟೋಕನ್ನು, ಮಗನಿಗೆ ಉಷ್ಣ. ಹೀಗೆ ಒಂದೇ ಕಾಯಿಲೆ ಒಂದೇ ಮನೆಯಲ್ಲಿ ಬೇರೆ ಬೇರೆ ಹೆಸರಿಟ್ಟುಕೊಂಡು ಆರಾಮಾಗಿ ಓಡಾಡಿಕೊಂಡಿತ್ತು.

ಒಂದು ದಿನ ಹುಡುಗ ಕಾಲೇಜಿನಲ್ಲಿ ವಾಂತಿ ಮಾಡಿಕೊಂಡು ಬಿದ್ದ. ದೊಡ್ಡಾಸ್ಪತ್ರೆಗೆ ಸೇರಿಸಿದರು. ಅವಳು ನನ್ನ ಮನೆಗೆ ಬಂದು, "ನನ್ ಜೊತೆ ಬಾರೇ. ಅಲ್ಲೆಲ್ಲ ಮಾಸ್ಕಾಕ್ಕೊಂಡ್ ಮಾತಾಡ್ತಾರೆ, ನಂಗೊಂದೂ ತಿಳಿಯಲ್ಲ" ಅಂದಳು. ಅವಳ ಕಿವಿಯಾಗಿ ಹೋದೆ. ಆ ಆಸ್ಪತ್ರೆಯಲ್ಲಿ ಮೊದಲು ಬಂದ ಕಿರಿಯ ಡಾಕ್ಟರು, ಎರಡೂ ಕಿಡ್ನಿ ಬಹಳ ಕೆಟ್ಟಿದೆ, ನೀರು ಸರಿಯಾಗಿ ಕುಡಿಯದೆ ಇನ್‌ಫೆಕ್ಷನ್ ಆಗಿ ಆಗಿ ಹೀಗಾಗಿರಬಹುದು ಅಂದರು. ನಾನು ಅದನ್ನು ಅವಳ ಮುಖಕ್ಕೆ ಮುಖ ಕೊಟ್ಟು ಹೇಳಿದೆ. ಅವಳು ಸಟ್ಟನೆ ಎದ್ದು ನಿಂತು ತನ್ನ ಸೈರನ್ ಶುರು ಮಾಡಿದಳು.

"ನಾನಾದ್ರೆ ಲೈನಲ್ಲಿ ಕಟ್ಕೊಂಡ್ ಕೂತಿದ್ದೆ, ನಂಗ್ ಕೆಂಪಗೋದ್ರೆ ನ್ಯಾಯ. ಇವ್ನು ಯಾವ್ ಲೈನಲ್ಲಿ ಕೂತಿದ್ದ? ಇವನ್ಯಾವ್ ಟೋಕನ್ ಕಾಯ್ತಿದ್ದ? ಇವ್ನಿಗ್ಯಾಕೆ?"

ಪಕ್ಕದ ಹಾಸಿಗೆಯ ಹತ್ತಿರ ನಿಂತಿದ್ದ ಹಿರಿಯ ಡಾಕ್ಟರಮ್ಮ ತಿರುಗಿ ನೋಡಿದರು. ಹತ್ತಿರ ಬಂದು ಏನೋ ಕೇಳಿದರು. ಅವಳು, "ಮಾಸ್ಕ್ ತೆಗೀರಿ ಮೇಡಂ, ಮುಖ ತೋರ್ಸಿ" ಅಂದಳು. ಆ ಮಹಾತಾಯಿ ಬೇಸರ ಮಾಡಿಕೊಳ್ಳದೆ ಮಾಸ್ಕು ತೆಗೆದು, "ನಿಮ್ಗೂ ಬ್ಲಡ್ ಹೋಗುತ್ತಾ? ಕಿವಿ ಯಾವಾಗಿಂದ ಹೀಗಿದೆ? ನಿಮ್ಮ ತವರಲ್ಲಿ ಯಾರಿಗಾದ್ರೂ ಕಿಡ್ನಿ ತೊಂದ್ರೆ ಇತ್ತಾ?" ಎಂದು ಒಂದೊಂದಾಗಿ ಕೇಳಿದರು. ಅವಳ ಅಣ್ಣ ಅವಳ ಮದುವೆಗೂ ಮೊದಲೇ ಸತ್ತಿದ್ದ. ಮುಖ ಊದಿಸಿಕೊಂಡು, ಕಿವಿಯೂ ಕೇಳದೆ. ಊರಲ್ಲಿ ಅದನ್ನು ಯಾರೋ ಮಾಡಿಸಿದ ಮಾಟ ಅಂದಿದ್ದರಂತೆ. ಅಷ್ಟು ಕೇಳಿದ ಮೇಲೆ ಡಾಕ್ಟರಮ್ಮ ತಾಯಿಯ ಮೂತ್ರವನ್ನೂ, ತಾಯಿಯ ಕಿವಿಯನ್ನೂ ಪರೀಕ್ಷೆಗೆ ಬರೆದರು. ಮಗನಿಗೆ ಇನ್ನೂ ದೊಡ್ಡ ಪರೀಕ್ಷೆಗಳಾದವು.

ಎಲ್ಲ ಬಂದ ಮೇಲೆ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಕಿಡ್ನಿಯೊಳಗೆ ರಕ್ತ ಸೋಸುವುದಕ್ಕೆ ತೀರಾ ತೆಳ್ಳಗಿನ ಪೊರೆಗಳಿವೆ. ಆ ಪೊರೆಗೆ ಗಟ್ಟಿ ಕೊಡುವುದು ಕೊಲಾಜೆನ್ ಎಂಬ ನಾರು. ಮೂರೆಳೆ ಹೊಸೆದ ನಾರು ಅದು, ಜಾಲರಿಯ ಹಾಗೆ ಹೆಣೆದುಕೊಂಡಿರುತ್ತದೆ. ಇವರಲ್ಲಿ ಅದರ ಒಂದೆಳೆ ಹುಟ್ಟುವಾಗಲೇ ಸರಿಯಿಲ್ಲ. ಅದಕ್ಕೇ ಪೊರೆ ಸೀಳಿ ರಕ್ತ ಜಿನುಗುತ್ತದೆ, ಕಾಲ ಕಳೆದಂತೆ ಸೋಸುವುದೇ ನಿಂತುಹೋಗುತ್ತದೆ. ಅದೇ ನಾರು ಕಿವಿಯ ಒಳಗೂ ಇದೆ, ಹಾಗಾಗಿ ಕಿವಿಯೂ ಕೈಕೊಡುತ್ತದೆ. ಹೆಂಗಸರಲ್ಲಿ ಈ ಎಳೆ ಮಾಡುವ ನಕ್ಷೆ, ಜೀನ್ ಅನ್ನುತ್ತಾರಂತೆ ಅದಕ್ಕೆ, ಎರಡು ಇರುತ್ತದೆ, ಒಂದು ಕೆಟ್ಟರೂ ಇನ್ನೊಂದು ಒಂದಿಷ್ಟು ಕಾಪಾಡುತ್ತದೆ. ಗಂಡುಮಕ್ಕಳಿಗೆ ಇರುವುದೇ ಒಂದು, ಅದೂ ತಾಯಿಯಿಂದ ಬಂದದ್ದು.

ಅವಳು ಡಾಕ್ಟರಮ್ಮನ ತುಟಿಯಿಂದ ಕಣ್ಣು ಕೀಳಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದಳು: "ದಾರನೇ ಸರಿಯಿಲ್ಲ ಅಂದ್ರೆ ಎಷ್ಟ್ ಸಲ ಒಲಿದ್ರೂ ನಿಲ್ಲಲ್ಲ, ಅಲ್ವಾ ಮೇಡಂ?" ಡಾಕ್ಟರಮ್ಮ, ಮೊದಲೇ ಗೊತ್ತಾಗಿದ್ದರೆ ಮಾತ್ರೆ ಕೊಟ್ಟು ಇನ್ನೂ ಎಷ್ಟೋ ವರ್ಷ ದೂಡಬಹುದಿತ್ತು ಅಂದರು. ಆ ಮಾತನ್ನು ನಾನು ಅವಳಿಗೆ ಎರಡನೇ ಸಲ ಹೇಳಲಿಲ್ಲ. ಅವಳು ತುಟಿಯಲ್ಲೇ ಓದಿಕೊಂಡಿದ್ದಳು.

ಮನೆಯಲ್ಲಿ ಆ ವಿವರಣೆಯಿಂದ ಉಳಿದದ್ದು ಒಂದೇ, ತಾಯಿಯಿಂದ ಬಂದದ್ದು ಎಂಬುದು. ಗಂಡನ ತಂಗಿ ಬಂದು ಬಾಗಿಲಲ್ಲೇ, "ನಮ್ ವಂಶದಲ್ಲಿ ಇಂಥದ್ದು ಇರ್ಲಿಲ್ಲಪ್ಪ" ಅಂದಳು. ಇವಳ ಅಣ್ಣ ಸತ್ತದ್ದನ್ನು ಮದುವೆಯಲ್ಲಿ ಮುಚ್ಚಿಟ್ಟರು ಅಂದಳು. ಹೋಗುವ ಮುಂಚೆ ಚೀಲದಿಂದ ಒಂದು ಡಬ್ಬ ತೆಗೆದಿಟ್ಟಳು. ಅವಳು ಮನೆಮನೆಗೆ ಮಾರುವ ಸೌಂದರ್ಯದ ಪುಡಿ. ಮುಖಕ್ಕೆ ಕಾಂತಿ ಬರಲು ಹಾಲಿಗೆ ಹಾಕಿಕೊಂಡು ಕುಡಿಯುವುದಂತೆ, ಮೆಟ್ರೋ ಸ್ಟೇಷನ್ನಿನ ಬೋರ್ಡಿನಲ್ಲೆಲ್ಲ ಹೊಳೆಯುವ ಹೆಂಗಸರು ಹಿಡಿದಿರುತ್ತಾರಲ್ಲ, ಅಂಥದ್ದು. "ಇದ್ರಲ್ಲಿರೋದೂ ಕೊಲಾಜೆನ್ನೇ. ಅವ್ನಿಗಿಲ್ಲ ಅಂದ್ರಲ್ಲ, ಕುಡ್ಸಿ, ತುಂಬ್ಕೊಳುತ್ತೆ" ಅಂದಳು. ಕಿಡ್ನಿ ನಿಂತ ಹುಡುಗನಿಗೆ! ಡಯಾಲಿಸಿಸ್ಸಿಗೆ ಹೋಗಿ ಬರುವವನು ಏನು ತಿನ್ನಬೇಕು, ಏನು ಬಿಡಬೇಕು ಎಂದು ತಾಯಿ ಗುಟುಕು ಗುಟುಕಿಗೂ ಹೆದರುತ್ತಿದ್ದ ಕಾಲ ಅದು. ಅವಳು ಡಬ್ಬವನ್ನು ನಾದಿನಿಯ ಚೀಲಕ್ಕೇ ವಾಪಸ್ ತುರುಕಿ, "ನೀನೇ ಮುಖಕ್ಕೆ ಅಚ್ಕೋ, ನಾಚ್ಕೆ ಆದ್ರೂ ಬರ್ಲಿ" ಅಂದಳು. ಭೇಷ್ ಅನ್ನಿಸಿತು ನನಗೆ.

ಇನ್ನು ಕಿಡ್ನಿ ಬದಲಿಸುವುದೊಂದೇ ದಾರಿ. ಅವಳು ಡಾಕ್ಟರಮ್ಮನ ಮುಂದೆ ಕೂತು, "ನಂದು ತಗೊಳಿ ಮೇಡಂ, ಬೇಕಾದ್ರೆ ಎಲ್ಡೂ ತಗೊಳಿ" ಅಂದಿದ್ದಳು. ನಾನೇ ಸಾಕ್ಷಿ. ಡಾಕ್ಟರಮ್ಮ ತಲೆ ಅಲ್ಲಾಡಿಸಿದರು. "ನಿಮ್ಮ ಕಿಡ್ನಿನೂ ಸೋರ್ತಿದೆ ಅಮ್ಮ. ಅದೇ ಎಳೆ. ಅವನಿಗೆ ಹಾಕಿದ್ರೆ ಬಾಳಿಕೆ ಬರಲ್ಲ, ನಿಮ್ಗೆ ಉಳಿದದ್ದೂ ಬೇಗ ಹೋಗುತ್ತೆ. ನಿಮ್ಮದು ಬೇಡ" ಅಂದರು. ಗಂಡನಿಗೆ ಪರೀಕ್ಷೆ ಮಾಡಿದರು. ರಕ್ತದ ಗುಂಪು ಹೊಂದಿತು, ಕಿಡ್ನಿ ಎರಡೂ ಕಲ್ಲುಗುಂಡಿನ ಹಾಗೆ ಗಟ್ಟಿಮುಟ್ಟಾಗಿದ್ದವು. ಆಸಾಮಿ ಗೂಡ್ಸ್ ಆಟೋ ಓಡಿಸುವವನು. ಅಂದಿನಿಂದ ಅವನಿಗೆ ಸೊಂಟನೋವು ಶುರುವಾಯಿತು.

"ನಾನು ಮನೆ ದುಡಿಯೋನು, ಭಾರ ಎತ್ತೋನು. ನಾಳೆ ಮೂಲೆಗೆ ಬಿದ್ರೆ?" ಅಂದ. ಮನೆಯ ಬಾಡಿಗೆಯಿಂದ ಮಗನ ಕಾಲೇಜಿನವರೆಗೆ ಯಾರ ಸಂಬಳದಲ್ಲಿ ನಡೆಯುತ್ತಿತ್ತು ಎಂದು ಬೀದಿಗೆಲ್ಲ ಗೊತ್ತು! "ಎಲ್ಲ ಕಡೆ ತಾಯಂದಿರೇ ಅಲ್ವಾ ಕೊಡೋದು" ಅಂದ. ಅದೊಂದು ಮಾತು ನಿಜ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಆ ವಾರ್ಡಿನಲ್ಲಿ ಪಕ್ಕೆಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವರನ್ನು ನಾನೇ ನೋಡಿದ್ದೇನೆ: ತಾಯಿ, ಹೆಂಡತಿ, ಅಕ್ಕ. ತೆಗೆದುಕೊಂಡು ಎದ್ದು ಹೋದವರು ಹೆಚ್ಚಿನಂಶ ಗಂಡಸರೇ. ಕೊಡುವ ಸರದಿ ಬಂದಾಗ ಮಾತ್ರ ಇವರೆಲ್ಲ ದುಡಿಯುವವರಾಗಿಬಿಡುತ್ತಾರೆ.

ಕೊನೆಗೆ ಅವನು ಎಲ್ಲೋ ವಿಚಾರಿಸಿಕೊಂಡು ಬಂದ. ಬೇರೊಂದು ಕಡೆ ತಾಯಿಯದನ್ನೇ ತೆಗೆದುಕೊಳ್ಳಲು ಒಪ್ಪಬಹುದಂತೆ. ಒಂದು ಭಾನುವಾರ ತಂಗಿಯನ್ನೂ ಕರೆಸಿ, ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ ಆ ಸಮಾಚಾರ ಹೇಳಿದ. ಮಗ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ, ಕೈಯ ಮೇಲೆ ಸೂಜಿಯ ಗಂಟುಗಳು. ನಾನು ಬಾಗಿಲ ಬಳಿ. ನಾದಿನಿ ಆಗಲೇ ಕಣ್ಣೊರೆಸಿಕೊಂಡು, "ತಾಯಿ ಕರುಳು ಅತ್ಗೆ, ಇಲ್ಲ ಅನ್ಬೇಡಿ" ಅಂದಳು. ಅವಳು ಒಪ್ಪಿಬಿಡುತ್ತಾಳೆ ಎಂದು ನನಗೆ ಜೀವವೇ ಬಾಯಿಗೆ ಬಂದಿತ್ತು. ಎರಡೂ ತಗೊಳ್ಳಿ ಅಂದವಳಲ್ಲವೆ?

ಅವಳು ಎದ್ದು ನಿಂತಳು. ಗಂಡನ ಮುಖವನ್ನೇ ನೋಡುತ್ತ, ಫ್ಯಾಕ್ಟರಿಯ ಆ ದನಿಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ಅಂದಳು:

"ನಾನ್ ಕೊಡಲ್ಲ."

"ಏನಂದೆ?" ಅಂದ ಗಂಡ.

"ಕೊಡಲ್ಲ ಅಂದೆ. ರಿಜೆಕ್ಟ್ ಪೀಸ್‌ನ ನಾನ್ ಯಾವತ್ತೂ ಪ್ಯಾಕ್ ಮಾಡ್ಸಿಲ್ಲ. ನನ್ ಮಗನ್ಗೆ ಮಾಡ್ತೀನಾ? ನಾನ್ ಕೊಡಲ್ಲ, ಏನ್ ಮಾಡ್ತೀರೋ ಮಾಡ್ಕೊಳಿ."

ಒಳಗಡೆಯವರು ಪೂರ್ತಿ ಕೇಳಿಸಿಕೊಂಡರು. ಬೀದಿಯವರಿಗೆ ಕೇಳಿದ್ದು ಕೊಡಲ್ಲ ಎಂಬುದಷ್ಟೆ. ಸಂಜೆಯೊಳಗೆ ಹಾಲಿನ ಬೂತಿನ ತನಕ ಸುದ್ದಿ ಹೋಗಿತ್ತು. ಹೆತ್ತ ಮಗನಿಗೆ ಕೊಡಲ್ಲ ಅಂದಳಂತೆ, ಎದೆಯೋ ಕಲ್ಲೋ, ತನ್ನ ಜೀವ ದೊಡ್ಡದಾಯಿತಂತೆ. ಅವಳ ರಟ್ಟಿನ ಬಿಲ್ಲೆ ಹಾಕಿಕೊಂಡು ಓಡಾಡಿದ ಹೆಂಗಸರೇ ಊಟದ ಹೊತ್ತಿನಲ್ಲಿ ಅವಳು ಬಂದರೆ ಮಾತು ನಿಲ್ಲಿಸತೊಡಗಿದರು. ಥೂ, ಎಂಥ ಜನ!

ನನಗೆ ತಡೆಯಲಾಗಲಿಲ್ಲ. "ಡಾಕ್ಟ್ರೇ ಬೇಡ ಅಂದ್ರು ಅಂತ ಹೇಳೋಕೇನೇ ನಿಂಗೆ ದಾಡಿ? ನಾನಾದ್ರೂ ಹೇಳ್ತೀನಿ" ಎಂದು ಎಗರಾಡಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದು, ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು.

"ಡಾಕ್ಟ್ರು ಬೇಡಂದ್ರು ಅಂದ್ರೆ ಎಲ್ರೂ ಪಾಪ ಅಂತಾರೆ. ಪಾಪ ಅಂದು ಸುಮ್ಕಾಗ್ತಾರೆ. ಅವ್ರ ಜೊತೆ ನನ್ ಗಂಡನೂ ಸುಮ್ಕಾಗ್ತಾನೆ. ನಾನೇ ಕೊಡಲ್ಲ ಅಂದ್ರೆ, ಎಲ್ರೂ ಇನ್ನೊಬ್ರ ಮುಖ ನೋಡ್ತಾರಲ್ಲ. ನೋಡ್ಲಿ. ದಿನಾ ನೋಡ್ಲಿ."

ನೋಡಿದರು. ಆಟೋ ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ, ಅವನ ಮುಖ ಕಂಡವರೆಲ್ಲ ಕೇಳಿದರು: ತಾಯಿಯಂತೂ ಹಾಗಂದಳು, ನೀನೇನ್ ಮಾಡ್ತೀಯ ಗುರು? ಅವನ ಸೊಂಟನೋವು ನಾಚಿಕೆಯಿಂದ ವಾಸಿಯಾಯಿತು. ಕಿಡ್ನಿ ಕೊಡುವವರನ್ನು ಆಸ್ಪತ್ರೆಯವರು ಒಬ್ಬರನ್ನೇ ಕೂರಿಸಿ, ಯಾರಾದರೂ ಬಲವಂತ ಮಾಡಿದ್ದಾರೆಯೇ ಎಂದು ಕೇಳುತ್ತಾರೆ. "ನನ್ನ ಸ್ವಂತ ಇಷ್ಟ ಸಾರ್, ನನ್ ಮಗ" ಎಂದು ಎದೆ ಉಬ್ಬಿಸಿ ಹೇಳಿದನಂತೆ. ಕೊಟ್ಟ. ಅದನ್ನು ಇಲ್ಲ ಅನ್ನುವುದಿಲ್ಲ. ಮಗ ಎದ್ದು ಕೂತ, ನಡೆದ, ತಿಂಗಳುಗಳಲ್ಲಿ ಮುಖಕ್ಕೆ ಬಣ್ಣ ಬಂತು.

ಆ ವರ್ಷ ರಾಜ್ಯೋತ್ಸವಕ್ಕೆ ಬೀದಿಯವರು ಅವಳ ಗಂಡನಿಗೆ ಪೇಟ ತೊಡಿಸಿ ಶಾಲು ಹೊದಿಸಿದರು. ಫ್ಲೆಕ್ಸಿನಲ್ಲಿ ಅವನು ಕೈಮುಗಿದು ನಿಂತಿದ್ದ, ಕೆಳಗೆ ತ್ಯಾಗಮೂರ್ತಿ ಎಂದು ದಪ್ಪಕ್ಷರ. ಭಾಷಣ ಮಾಡಿದ ಯಾರೋ ಮಹಾನುಭಾವ, ಹೆತ್ತವಳೇ ಕೈಬಿಟ್ಟಾಗ ಈ ತಂದೆ ಎಂದು ಶುರು ಮಾಡಿದ. ಅವಳು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮೈಕು ಬಾಯಿಗೆ ಅಡ್ಡವಾಗಿದ್ದರಿಂದ ಏನೂ ತಿಳಿಯದೆ, ಎಲ್ಲರೂ ಚಪ್ಪಾಳೆ ತಟ್ಟಿದಾಗ ತಾನೂ ತಟ್ಟುತ್ತಿದ್ದಳು. ನಾನು ಕುರ್ಚಿ ಒದ್ದುಕೊಂಡು ಎದ್ದು ಬಂದೆ.

ಮೊನ್ನೆ ಅವಳ ಮನೆಗೆ ಹೋಗಿದ್ದೆ. ಅವಳೂ ಈಗ ಮಾತ್ರೆ ನುಂಗುತ್ತಾಳೆ, ಕಾಲು ಸ್ವಲ್ಪ ಊದಿದೆ. ಮಗ ಕಿವಿಗೆ ಮೆಷೀನು ಹಾಕಿಕೊಂಡು ಗುಂಡುಗುಂಡಗೆ ಕೂತಿದ್ದ. ಕೆಲಸಕ್ಕೆ ಸೇರಿದ್ದಾನೆ. ಅಪ್ಪನ ಗುಣಗಾನ ನಡೆದಿತ್ತು. "ನಿಮ್ಮಮ್ಮನೂ ಕಮ್ಮಿ ಒದ್ದಾಡಿಲ್ಲ ಕಣೋ" ಅಂದೆ. ಅವನು ತಾಯಿಯ ಕಡೆ ನೋಡಿದ, ದನಿ ತಗ್ಗಿಸಲೂ ಇಲ್ಲ. "ಅಮ್ಮ ಕೊಡಲ್ಲ ಅಂದ್ಬಿಟ್ರಲ್ಲ ಆಂಟಿ. ಆಗಲ್ಲ ಅಂದಿದ್ರೆ ಬೇರೆ ಮಾತು. ಇನ್ನೊಂದ್ ಆಸ್ಪತ್ರೆಲಿ ಒಪ್ತಿದ್ರು. ನನ್ನೆದುರಿಗೇ ನಿಂತು, ಕೊಡಲ್ಲ ಅಂದ್ರು." ಅವಳು ಕಾಫಿ ಲೋಟ ಹಿಡಿದುಕೊಂಡು ಅವನ ತುಟಿಯನ್ನೇ ನೋಡುತ್ತ ನಿಂತಿದ್ದಳು. ಒಂದಕ್ಷರ ತಪ್ಪಿರಲಾರದು. ನಾನು ಬಾಯಿ ತೆಗೆದೆ. ಅವಳು ಬಂದು ನನ್ನ ಭುಜ ಅದುಮಿ, ಕೈಹಿಡಿದು ಗೇಟಿನ ತನಕ ಎಳೆದುಕೊಂಡು ಬಂದಳು.

"ಅವ್ನಿಗೇನೂ ಏಳ್ಬೇಡ" ಅಂದಳು. "ಅವನೊಳಗಿರೋದು ಅಪ್ಪಂದು. ಅಪ್ಪನ್ ಮೇಲೆ ಅಸಹ್ಯ ಬಂದ್ರೆ ಅದನ್ನ ಒಟ್ಟೇಲಿಟ್ಕೊಂಡು ಎಂಗ್ ಬಾಳ್ತಾನೆ? ನನ್ನೇ ಬೈಕೊಳ್ಲಿ ಬಿಡೇ. ಬೈಯಕ್ಕೆ ಬದುಕಿದಾನಲ್ಲ, ನಂಗಷ್ಟು ಸಾಕು."

ಅವಳಿಗೆ ಸಾಕಿರಬಹುದು. ನನಗೆ ಸಾಕಾಗಿಲ್ಲ. ಹೇಳಬೇಡ ಅಂದಳು, ಹೇಳಿಲ್ಲ. ಬರೆಯಬೇಡ ಅನ್ನಲಿಲ್ಲ. ಅವನು ಕನ್ನಡ ಓದುತ್ತಾನೆ.